ಕೇಳುವವರ ಕೈಯಲ್ಲಿ ಪುಟ ಇಲ್ಲ: ಕಾನ್ಫರೆನ್ಸ್ ಟಾಕ್‌ಗೆ ತಯಾರಿ ಹೇಗೆ?

ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕಾನ್ಫರೆನ್ಸ್‌ಗಳಿಗೆ ಬರ ಇಲ್ಲ. ಪೈಥಾನ್ ಅನ್ನುವ ಪ್ರೋಗ್ರಾಮಿಂಗ್ ಭಾಷೆಯ ಸಮ್ಮೇಳನ ಪೈಕಾನ್ ಇಂಡಿಯಾ ಶುರುವಾಗಿದ್ದೇ ಇಲ್ಲಿ, 2009ರಲ್ಲಿ, ಐಐಎಸ್‌ಸಿ ಆವರಣದಲ್ಲಿ. ಅದಕ್ಕೂ ಮುಂಚೆ, 2001ರಿಂದ, ಲಿನಕ್ಸ್ ಬೆಂಗಳೂರು ಅನ್ನುವ ಹೆಸರಿನಲ್ಲಿ ಜನ ಸೇರುತ್ತಿದ್ದರು. ಅದೇ ಮುಂದೆ ಫಾಸ್ ಡಾಟ್ ಇನ್ ಅನ್ನುವ ಮುಕ್ತ ತಂತ್ರಾಂಶ ಸಮ್ಮೇಳನ ಆಯಿತು. ಇಂಥ ಕಡೆ ಒಂದು ದಿನ ಕೂತು ಟಾಕ್ ಕೇಳಿದರೆ ಸಾಕು, ಒಂದು ವಿಷಯ ಕಣ್ಣಿಗೆ ಬೀಳುತ್ತದೆ. ವೇದಿಕೆ ಮೇಲಿರುವವರು ಕೆಲಸದಲ್ಲಿ ಪಳಗಿದವರು, ವಿಷಯ ಅರೆದು ಕುಡಿದವರು, ಆದರೂ ಹತ್ತನೇ ನಿಮಿಷಕ್ಕೆ ಅರ್ಧ ಹಾಲ್ ಮೊಬೈಲ್ ನೋಡುತ್ತಿರುತ್ತದೆ.

ಇಂಗ್ಲಿಷ್ ಸರಿ ಇಲ್ಲ, ಸ್ಟೇಜ್ ಹೆದರಿಕೆ, ಸ್ಲೈಡ್ ಚೆನ್ನಾಗಿ ಮಾಡಲು ಬರಲ್ಲ ಅಂತೆಲ್ಲ ಇದಕ್ಕೆ ಕಾರಣ ಹೇಳುವುದು ರೂಢಿ. ನನ್ನ ಪ್ರಕಾರ ಅದೆಲ್ಲ ಆಮೇಲಿನ ಮಾತು. ಓದುವವರಿಗೆ ಅರ್ಥವಾಗದಿದ್ದರೆ ಹಿಂದಿನ ಪುಟಕ್ಕೆ ಹೋಗುತ್ತಾರೆ, ಒಂದು ಸಾಲನ್ನು ಮೂರು ಸಲ ಓದುತ್ತಾರೆ, ಬೇಕಾದರೆ ಕಾಫಿ ಕುಡಿದು ಬಂದು ಮತ್ತೆ ಶುರು ಮಾಡುತ್ತಾರೆ. ಕೇಳುವವರಿಗೆ ಈ ಸೌಕರ್ಯ ಇಲ್ಲ. ನಾಲ್ಕನೇ ನಿಮಿಷದಲ್ಲಿ ಒಂದು ಮಾತು ತಪ್ಪಿಹೋದರೆ ಅಲ್ಲಿಂದ ಮುಂದಿನದ್ದೆಲ್ಲ ಅವರಿಗೆ ಬರೀ ಸದ್ದು. ಪ್ರಬಂಧವನ್ನೋ ಆಫೀಸಿನ ವರದಿಯನ್ನೋ ಕತ್ತರಿಸಿ ಸ್ಲೈಡಿಗೆ ಅಂಟಿಸಿ ಓದಿದರೆ ಟಾಕ್ ಆಗದೇ ಇರುವುದು ಇದಕ್ಕೇ. ತಯಾರಿಯ ಪ್ರತಿ ಹೆಜ್ಜೆಯಲ್ಲೂ ಈ ಒಂದು ಸಂಗತಿ ನೆನಪಿದ್ದರೆ, ಉಳಿದ ಸಲಹೆಗಳನ್ನು ನೀವೇ ಊಹಿಸಿಕೊಳ್ಳಬಹುದು.

ಮಾತು ಗಾಳಿಯಲ್ಲಿ ತೇಲುವುದು ಬೇಡ, ಒಂದು ಉದಾಹರಣೆ ಇಟ್ಟುಕೊಳ್ಳೋಣ. ನೀವು ಕನ್ನಡದಲ್ಲಿ ಹುಡುಕಾಟ ಮಾಡುವ ಒಂದು ಆ್ಯಪ್ ಕಟ್ಟಿದ್ದೀರಿ ಅಂದುಕೊಳ್ಳಿ. ಡೇಟಾದಲ್ಲಿ ಕೋಲಾರ ಅಂತ ಇದೆ, ಬಳಕೆದಾರ ಕೋಲಾರ ಅಂತಲೇ ಟೈಪ್ ಮಾಡುತ್ತಾನೆ, ಆದರೆ ಆ್ಯಪ್ ಸಿಗಲಿಲ್ಲ ಅನ್ನುತ್ತದೆ. ಯಾಕೆಂದರೆ ಕಂಪ್ಯೂಟರಿನಲ್ಲಿ ಪ್ರತಿ ಅಕ್ಷರಕ್ಕೂ ಗುರುತಿಗೂ ಒಂದು ಸಂಕೇತ ಕೊಡುವ ಯುನಿಕೋಡ್‌ನಲ್ಲಿ ‘ಕೋ’ ಬರೆಯಲು ಒಂದಕ್ಕಿಂತ ಜಾಸ್ತಿ ದಾರಿ ಇದೆ. ಓತ್ವದ ಗುರುತನ್ನು ಒಂದೇ ಸಂಕೇತವಾಗಿ ಇಡಬಹುದು, ಇಲ್ಲವೇ ಮೂರು ತುಂಡುಗಳಾಗಿ ಒಂದರ ಹಿಂದೆ ಒಂದು ಇಡಬಹುದು. ಕಣ್ಣಿಗೆ ಎರಡೂ ಒಂದೇ. ಕಂಪ್ಯೂಟರಿಗೆ ಮೊದಲನೆಯದು 5 ಸಂಕೇತಗಳ ಪದ, ಎರಡನೆಯದು 7 ಸಂಕೇತಗಳ ಪದ. ಎರಡನ್ನೂ ಒಂದೇ ರೂಪಕ್ಕೆ ತರುವುದಕ್ಕೆ ನಾರ್ಮಲೈಸೇಶನ್ ಅಂತಾರೆ, ಪೈಥಾನ್‌ನಲ್ಲಿ ಅದು ಒಂದು ಸಾಲಿನ ಕೆಲಸ. ಇದರ ಬಗ್ಗೆ ಟಾಕ್ ಕೊಡಬೇಕು.

ಮೊದಲು ಪ್ರಪೋಸಲ್

ಕಾನ್ಫರೆನ್ಸ್‌ಗೆ ಕೆಲವು ತಿಂಗಳು ಮುಂಚೆ ಸಿಎಫ್‌ಪಿ ತೆರೆಯುತ್ತದೆ, ಅಂದರೆ ಟಾಕ್ ಕೊಡುವವರು ಅರ್ಜಿ ಹಾಕಿ ಅನ್ನುವ ಕರೆ. ಎಂಜಿನಿಯರಿಂಗ್ ಕಾಲೇಜುಗಳ, ವಿಜ್ಞಾನ ಸಂಸ್ಥೆಗಳ ಸಮ್ಮೇಳನಗಳಲ್ಲಿ ಪೂರ್ತಿ ಪ್ರಬಂಧವನ್ನೇ ಕೇಳುವುದುಂಟು. ಸಾಫ್ಟ್‌ವೇರ್ ಕಡೆ ಒಂದೆರಡು ಪ್ಯಾರಾ ಅಬ್‌ಸ್ಟ್ರ್ಯಾಕ್ಟ್, ಅಂದರೆ ಟಾಕ್‌ನ ಸಾರಾಂಶ, ಇದ್ದರೆ ಸಾಮಾನ್ಯವಾಗಿ ಸಾಕು. ಕೆಲವು ಕಡೆ ಹೆಸರು ಮುಚ್ಚಿ ರಿವ್ಯೂ ಮಾಡುತ್ತಾರೆ, ಪೈಕಾನ್ ಇಂಡಿಯಾದಂಥ ಕಡೆ ಪ್ರಪೋಸಲ್‌ಗಳನ್ನು ಎಲ್ಲರೂ ನೋಡುವಂತೆ ಇಟ್ಟು ಅಭಿಪ್ರಾಯ, ವೋಟು ಕೇಳಿದ್ದೂ ಇದೆ.

ರಿವ್ಯೂ ಮಾಡುವವರ ಮುಂದೆ ರಾಶಿ ಪ್ರಪೋಸಲ್ ಬಿದ್ದಿರುತ್ತವೆ, ಮತ್ತು ಬಹಳಷ್ಟು ಕಡೆ ಅವರು ಸಂಬಳ ಇಲ್ಲದೆ ರಾತ್ರಿ ಊಟ ಆದಮೇಲೆ ಕೂತು ಓದುವ ಸ್ವಯಂಸೇವಕರು. ‘ಭಾರತೀಯ ಭಾಷೆಗಳಲ್ಲಿ ಪಠ್ಯ ಸಂಸ್ಕರಣೆಯ ಸವಾಲುಗಳು’ ಅಂತ ಕೊಟ್ಟರೆ ಅವರಿಗೆ ಏನೂ ತಿಳಿಯುವುದಿಲ್ಲ. ಅದೊಂದು ಇಲಾಖೆಯ ಹೆಸರು ಇದ್ದ ಹಾಗಿದೆ, ಅಲ್ವಾ? ಅದರ ಬದಲು ‘ನಮ್ಮ ಆ್ಯಪ್‌ಗೆ ಕೋಲಾರ ಯಾಕೆ ಸಿಗಲಿಲ್ಲ?’ ಅಂತಿಟ್ಟು, ಕೆಳಗೆ ಸಮಸ್ಯೆ ಏನು, ಯಾರಿಗೆ ಬರುತ್ತದೆ, ಟಾಕ್ ಮುಗಿದ ಮೇಲೆ ಕೇಳಿದವರು ಆಫೀಸಿಗೆ ಹೋಗಿ ಏನು ಮಾಡಬಲ್ಲರು ಅಂತ ಬರೆಯಿರಿ. ಕೇಳುವವರಿಗೆ ಮೊದಲೇ ಏನು ಗೊತ್ತಿರಬೇಕು ಅನ್ನುವುದನ್ನೂ ಹೇಳಿ. ಪೈಥಾನ್ ಗೊತ್ತಿದ್ದರೆ ಸಾಕು, ಯುನಿಕೋಡ್ ಗೊತ್ತಿರಬೇಕಿಲ್ಲ, ಅಷ್ಟೇ. ಇನ್ನೊಂದು ಮಾತು: ಉತ್ತರವನ್ನು ಮುಚ್ಚಿಟ್ಟು ‘ಬನ್ನಿ, ಟಾಕ್‌ನಲ್ಲಿ ಹೇಳುತ್ತೇನೆ’ ಅನ್ನುವ ಶೈಲಿ ಅಬ್‌ಸ್ಟ್ರ್ಯಾಕ್ಟ್‌ನಲ್ಲಿ ಬೇಡ. ಕುತೂಹಲ ಸಭಿಕರಿಗೆ ಇರಲಿ, ರಿವ್ಯೂ ಮಾಡುವವರಿಗೆ ಉತ್ತರ ಬೇಕು.

ಪ್ರಪೋಸಲ್ ತಿರಸ್ಕಾರವಾದರೆ ಕಾರಣ ಕೇಳಿ. ಒಳ್ಳೆಯದಾಗಿದ್ದರೂ ಅದೇ ವಿಷಯದ ಇನ್ನೊಂದು ಟಾಕ್ ಬಂದಿತ್ತು ಅಂತ ಬಿಟ್ಟಿರುವುದು ಸಾಮಾನ್ಯ. ಅದನ್ನೇ ತಿದ್ದಿ ಸಣ್ಣ ಮೀಟಪ್ ಒಂದರಲ್ಲಿ ಕೊಡಬಹುದು. ಐದು ನಿಮಿಷದ ಲೈಟ್ನಿಂಗ್ ಟಾಕ್‌ಗೆ ಎಷ್ಟೋ ಕಡೆ ಅದೇ ದಿನ ಹೆಸರು ಬರೆಸಿದರೆ ಆಯಿತು.

ಏನನ್ನು ಬಿಡಬೇಕು

ಪ್ರಪೋಸಲ್ ಒಪ್ಪಿಗೆಯಾದ ದಿನ ಖುಷಿ, ಮರುದಿನದಿಂದ ಕಷ್ಟ. ಗೊತ್ತಿರುವುದನ್ನೆಲ್ಲ ಹೇಳಬೇಕು ಅನ್ನಿಸುತ್ತದೆ. ಇಪ್ಪತ್ತೈದು ನಿಮಿಷದಲ್ಲಿ ಎಷ್ಟು ಹಿಡಿಯುತ್ತದೆ ನೋಡಿ. ಇಂಗ್ಲಿಷಿನಲ್ಲಿ ಸಭೆಗೆ ಅರ್ಥವಾಗುವ ಹಾಗೆ ಮಾತಾಡಿದರೆ ನಿಮಿಷಕ್ಕೆ 130ರಿಂದ 150 ಪದ. ಒಟ್ಟು ಮೂರೂವರೆ ಸಾವಿರದ ಆಸುಪಾಸು. ಒಂದು ಸಾಧಾರಣ ಸಂಶೋಧನಾ ಪ್ರಬಂಧವೇ ಅದಕ್ಕಿಂತ ಉದ್ದ ಇರುತ್ತದೆ. ಕನ್ನಡದಲ್ಲಾದರೆ ಪದಗಳೇ ಉದ್ದ, ಹಾಗಾಗಿ ಲೆಕ್ಕ ಇನ್ನೂ ಕಡಿಮೆ. ಜಾಸ್ತಿ ಹೇಳಲು ಎರಡೇ ದಾರಿ: ಓಡಿಸಿಕೊಂಡು ಹೇಳುವುದು, ಇಲ್ಲವೇ ಪಕ್ಕದವರ ಸಮಯ ತಿನ್ನುವುದು. ಎರಡನ್ನೂ ಜನ ಕ್ಷಮಿಸುವುದಿಲ್ಲ, ಅದರಲ್ಲೂ ಮುಂದಿನದು ಊಟದ ಬ್ರೇಕ್ ಆಗಿದ್ದರೆ.

ಇಲ್ಲಿ ಇನ್ನೊಂದು ತೊಡಕು ಇದೆ. ವಿಷಯ ಚೆನ್ನಾಗಿ ಗೊತ್ತಿದ್ದಷ್ಟೂ ಅದು ಗೊತ್ತಿಲ್ಲದವರಿಗೆ ಹೇಗೆ ಕೇಳಿಸುತ್ತದೆ ಅಂತ ಊಹಿಸುವುದು ಕಷ್ಟ. 1990ರಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ಎಲಿಜಬೆತ್ ನ್ಯೂಟನ್ ಅನ್ನುವ ಸಂಶೋಧಕಿ ಒಂದು ಸರಳ ಪ್ರಯೋಗ ಮಾಡಿದರು. ಒಬ್ಬರು ಮನಸ್ಸಿನಲ್ಲೇ ಪರಿಚಿತ ಹಾಡೊಂದನ್ನು ಹೇಳಿಕೊಳ್ಳುತ್ತ ಅದರ ಲಯವನ್ನು ಮೇಜಿನ ಮೇಲೆ ಬೆರಳಿನಿಂದ ಕುಟ್ಟಬೇಕು, ಎದುರಿಗಿದ್ದವರು ಹಾಡು ಯಾವುದು ಅಂತ ಹೇಳಬೇಕು. ಕುಟ್ಟಿದವರು ಅರ್ಧದಷ್ಟಾದರೂ ಗುರುತು ಹಿಡಿಯುತ್ತಾರೆ ಅಂದುಕೊಂಡಿದ್ದರು. 120 ಹಾಡುಗಳಲ್ಲಿ ಗುರುತು ಸಿಕ್ಕಿದ್ದು 3. ಕುಟ್ಟುವವರ ತಲೆಯಲ್ಲಿ ಪೂರ್ತಿ ಹಾಡು ಓಡುತ್ತಿರುತ್ತದೆ, ಎದುರಿನವರಿಗೆ ಬರೀ ಟಕ್ ಟಕ್. ವೇದಿಕೆ ಮೇಲೆ ‘ನಿಮಗೆಲ್ಲ ಗೊತ್ತೇ ಇದೆ’ ಅಂತ ಶುರುವಾಗುವ ವಾಕ್ಯಗಳದ್ದೂ ಇದೇ ಗತಿ.

ಹಾಗಾಗಿ ನಮ್ಮ ಉದಾಹರಣೆಯಲ್ಲಿ ಯುನಿಕೋಡ್ ಚರಿತ್ರೆಯಿಂದ ಶುರು ಮಾಡುವುದು ಬೇಡ. ಅಜೆಂಡಾ ಸ್ಲೈಡೂ ಬೇಡ, ಕಂಪನಿಯ ಪರಿಚಯ ಒಂದು ಸಾಲು ಸಾಕು. ಪರದೆ ಮೇಲೆ ‘ಕನ್ನಡ’ ಅನ್ನುವ ಪದ ಒಂದನ್ನೇ ದೊಡ್ಡದಾಗಿ ಇಡಿ. ಇದರಲ್ಲಿ ಎಷ್ಟು ಅಕ್ಷರ ಅಂತ ಕೇಳಿ. ಮೂರು ಅಂತ ಹಾಲ್ ಹೇಳುತ್ತದೆ. ಪೈಥಾನ್‌ಗೆ ಕೇಳಿದರೆ 5 ಅನ್ನುತ್ತದೆ, ಯಾಕೆಂದರೆ ಅದು ‘ನ್ನ’ದೊಳಗಿನ ನ, ಅರ್ಧಾಕ್ಷರ ಮಾಡುವ ಗುರುತು, ಇನ್ನೊಂದು ನ ಮೂರನ್ನೂ ಬೇರೆ ಬೇರೆ ಎಣಿಸುತ್ತದೆ. ಸಂಕೇತಗಳನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8 ರೀತಿಯಲ್ಲಿ ಫೈಲಿಗೆ ಉಳಿಸಿದರೆ 15 ಬೈಟ್. ಮೂರು, ಐದು, ಹದಿನೈದು: ಮೂರೂ ಸರಿ. ಎರಡು ನಿಮಿಷ ಆಗಿಲ್ಲ, ಯುನಿಕೋಡ್ ಹೆಸರೇ ಕೇಳದವರಿಗೂ ಸಮಸ್ಯೆ ಏನು ಅಂತ ಕೈಗೆ ಸಿಕ್ಕಿತು. ಅಲ್ಲಿಂದ ಕೋಲಾರಕ್ಕೆ ಹೋಗಬಹುದು, ಕೋಲಾರದಿಂದ ನಾರ್ಮಲೈಸೇಶನ್‌ಗೆ. ಸಮಯ ಉಳಿದರೆ ‘ರ್‍ಯಾಂಕ್’ ಬರೆಯುವಾಗ ನಡುವೆ ನುಸುಳುವ, ಕಣ್ಣಿಗೆ ಕಾಣದ ಜೋಡಕ ಸಂಕೇತದ ಕಥೆ ಹೇಳಬಹುದು. ಉಳಿಯದಿದ್ದರೆ ಬಿಟ್ಟುಬಿಡಿ, ಟಾಕ್‌ಗೆ ಏನೂ ನಷ್ಟ ಇಲ್ಲ.

ಆ ಕೊನೆಯ ಮಾತು ಸ್ವಲ್ಪ ಒತ್ತಿ ಹೇಳಬೇಕು. ಬಿಟ್ಟುಬಿಡಬಹುದಾದ ಭಾಗ ಯಾವುದು ಅಂತ ಮನೆಯಲ್ಲೇ ತೀರ್ಮಾನ ಮಾಡಿ. ಹಿಂದಿನ ಟಾಕ್ ಎಳೆದಾಡಿ ನಿಮಗೆ ಹದಿನೆಂಟೇ ನಿಮಿಷ ಸಿಗಬಹುದು, ಗೋಷ್ಠಿ ನಡೆಸುವ ಸೆಷನ್ ಚೇರ್ ‘ಇನ್ನು 5 ನಿಮಿಷ’ ಅನ್ನುವ ಚೀಟಿ ತೋರಿಸಿದಾಗ ವೇದಿಕೆ ಮೇಲೆ ನಿಂತು ಏನು ಬಿಡಲಿ ಅಂತ ಯೋಚಿಸಲು ಆಗುವುದಿಲ್ಲ. ಮತ್ತು ಕೇಳುವವರಿಗೆ ಹಿಂದಕ್ಕೆ ಹೋಗಲು ಆಗದಿರುವ ಕಾರಣ, ಅವರ ಪರವಾಗಿ ನೀವೇ ಆಗಾಗ ಹಿಂದಕ್ಕೆ ಹೋಗಬೇಕು. ‘ಇಲ್ಲಿವರೆಗೆ ನೋಡಿದ್ದು ಇಷ್ಟು: ಕಾಣುವುದು ಒಂದೇ ಆದರೂ ಒಳಗೆ ಬೇರೆ. ಈಗ ಅದನ್ನು ಸರಿ ಮಾಡೋಣ.’ ಬರಹದಲ್ಲಿ ಇದು ಪುನರಾವರ್ತನೆ ಅನ್ನಿಸುತ್ತದೆ. ಮಾತಿನಲ್ಲಿ, ನಡುವೆ ಮೊಬೈಲ್ ನೋಡಿ ವಾಪಸ್ ಬಂದವರಿಗೂ ಒಳಗೆ ಬರಲು ಬಾಗಿಲು ಸಿಕ್ಕ ಹಾಗೆ.

ಸ್ಲೈಡ್ ಮತ್ತು ಡೆಮೊ

ಸ್ಲೈಡ್ ತುಂಬ ಪಠ್ಯ ತುಂಬಿ ಅದನ್ನೇ ಓದುವುದು ಯಾಕೆ ಕೆಡುತ್ತದೆ ಅನ್ನುವುದಕ್ಕೆ ಸಂಶೋಧನೆಯೇ ಇದೆ. ರಿಚರ್ಡ್ ಮೇಯರ್ ಅನ್ನುವ ಅಮೆರಿಕದ ಮನಶ್ಶಾಸ್ತ್ರಜ್ಞ ಬಹಳ ವರ್ಷ ಇದನ್ನೇ ಪರೀಕ್ಷಿಸಿದರು. ಚಿತ್ರ ನೋಡುತ್ತ ವಿವರಣೆ ಕೇಳಿದವರು, ಅದೇ ವಿವರಣೆಯನ್ನು ಪರದೆ ಮೇಲೂ ಓದುತ್ತ ಕೇಳಿದವರಿಗಿಂತ ಚೆನ್ನಾಗಿ ಕಲಿತರು. ಓದುವ ವೇಗ ಬೇರೆ, ಕೇಳುವ ವೇಗ ಬೇರೆ. ಎರಡನ್ನೂ ಹೊಂದಿಸಿಕೊಳ್ಳುವುದರಲ್ಲೇ ತಲೆ ದಣಿಯುತ್ತದೆ. ಸ್ಲೈಡ್ ನಿಮಗೆ ನೆನಪಿನ ಚೀಟಿ ಅಲ್ಲ. ಚೀಟಿ ಬೇಕಿದ್ದರೆ ನಿಮಗೆ ಮಾತ್ರ ಕಾಣುವ ಪ್ರೆಸೆಂಟರ್ ನೋಟ್ಸ್ ಇದೆ, ಇಲ್ಲವೇ ಕೈಯಲ್ಲಿ ಒಂದು ಕಾಗದ ಹಿಡಿದರೂ ಯಾರೂ ಏನೂ ಅಂದುಕೊಳ್ಳುವುದಿಲ್ಲ.

ತುಂಬಿ ತುಳುಕುವ ಸ್ಲೈಡಿನಲ್ಲಿ ಮುಖ್ಯ ಮಾತು ಮುಚ್ಚಿಹೋಗುವುದಕ್ಕೆ ತುಂಬಾ ಭಾರವಾದ ಒಂದು ಉದಾಹರಣೆ ಇದೆ. 2003ರ ಜನವರಿ 16ರಂದು ನಾಸಾದ ಬಾಹ್ಯಾಕಾಶ ನೌಕೆ ಕೊಲಂಬಿಯಾ ಮೇಲೇರುವಾಗ ಇಂಧನ ಟ್ಯಾಂಕಿನ ಫೋಮ್ ತುಂಡೊಂದು ಕಿತ್ತುಬಂದು ಎಡ ರೆಕ್ಕೆಗೆ ಬಡಿಯಿತು. ನೌಕೆ ಇನ್ನೂ ಕಕ್ಷೆಯಲ್ಲಿದ್ದಾಗಲೇ ಎಂಜಿನಿಯರುಗಳು ಹಾನಿ ಎಷ್ಟಿರಬಹುದು ಅಂತ ಲೆಕ್ಕ ಹಾಕಿ ಸ್ಲೈಡುಗಳಲ್ಲಿ ಒಪ್ಪಿಸಿದರು. ಅದರಲ್ಲೊಂದು ಸ್ಲೈಡಿನ ತಲೆಬರಹ ಓದಿದರೆ ಪರವಾಗಿಲ್ಲ ಅನ್ನಿಸುವಂತಿತ್ತು. ಬುಲೆಟ್ ಒಳಗೆ ಬುಲೆಟ್, ಅದರೊಳಗೆ ಇನ್ನೊಂದು ಬುಲೆಟ್, ಎಲ್ಲಕ್ಕಿಂತ ಕೆಳಗಿನ ಸಾಲಿನಲ್ಲಿ ಇದ್ದ ಸಂಗತಿ ಇದು: ಹಿಂದೆ ಪರೀಕ್ಷೆ ಮಾಡಿದ ತುಂಡು 3 ಘನ ಇಂಚಿನದು, ಈಗ ಬಡಿದದ್ದು ಸುಮಾರು 1920 ಘನ ಇಂಚು. 640 ಪಟ್ಟು ದೊಡ್ಡದು. ಅಂದರೆ ಆ ಪರೀಕ್ಷೆಯಿಂದ ಧೈರ್ಯ ತಂದುಕೊಳ್ಳಲು ಕಾರಣವೇ ಇರಲಿಲ್ಲ. ಫೆಬ್ರವರಿ 1ರಂದು ಮರಳುವಾಗ ನೌಕೆ ಒಡೆದು ಕಲ್ಪನಾ ಚಾವ್ಲಾ ಸೇರಿ 7 ಜನ ತೀರಿಕೊಂಡರು. ಅಪಘಾತಕ್ಕೆ ಒಂದು ಸ್ಲೈಡ್ ಕಾರಣ ಅಂತ ಯಾರೂ ಹೇಳಿಲ್ಲ, ಆದರೆ ತನಿಖಾ ಮಂಡಳಿಯ ವರದಿ ಆ ಸ್ಲೈಡನ್ನೇ ಅಚ್ಚು ಹಾಕಿ, ತಾಂತ್ರಿಕ ವರದಿಯ ಜಾಗದಲ್ಲಿ ಸ್ಲೈಡ್ ಬಳಸುವ ನಾಸಾದ ರೂಢಿಯನ್ನು ಟೀಕಿಸಿತು.

ನಮ್ಮ ಟಾಕ್‌ಗಳಲ್ಲಿ ಪ್ರಾಣಕ್ಕೇನೂ ಅಪಾಯ ಇಲ್ಲ. ಆದರೂ ಸ್ಲೈಡಿನ ತಲೆಬರಹವನ್ನು ‘ಫಲಿತಾಂಶಗಳು’ ಅಂತ ಇಡುವ ಬದಲು ಫಲಿತಾಂಶವನ್ನೇ ಅಲ್ಲಿ ಬರೆಯುವ ಅಭ್ಯಾಸ ಒಳ್ಳೆಯದು: ‘ನಾರ್ಮಲೈಸ್ ಮಾಡಿದ ಮೇಲೆ ಕೋಲಾರ ಸಿಕ್ಕಿತು’. ಕೋಡ್ ತೋರಿಸುವುದಾದರೆ ಹತ್ತು ಸಾಲು ಮೀರುವುದು ಬೇಡ, ಮುಖ್ಯ ಸಾಲು ಎದ್ದು ಕಾಣಲಿ. ಲ್ಯಾಪ್‌ಟಾಪನ್ನು ಮೇಜಿನ ಮೇಲಿಟ್ಟು ಕೋಣೆಯ ಆ ತುದಿಗೆ ಹೋಗಿ ನಿಂತು ಓದಿ ನೋಡಿ, ಓದಲು ಆಗದಿದ್ದರೆ ಕೊನೆಯ ಸಾಲಿನವರಿಗೂ ಆಗುವುದಿಲ್ಲ. ಕಪ್ಪು ಹಿನ್ನೆಲೆಯ ಟರ್ಮಿನಲ್ ನಿಮ್ಮ ಮಾನಿಟರಿನಲ್ಲಿ ಚೆಂದ, ಲೈಟ್ ಹಾಕಿದ ಹಾಲ್‌ನ ಹಳೇ ಪ್ರೊಜೆಕ್ಟರಿನಲ್ಲಿ ಬೂದಿ ಬಣ್ಣ. ಕೆಂಪು, ಹಸಿರು ಎರಡನ್ನೇ ನಂಬಿ ಗ್ರಾಫ್ ಮಾಡಬೇಡಿ. ಆ ಎರಡು ಬಣ್ಣಗಳ ನಡುವೆ ವ್ಯತ್ಯಾಸ ಕಾಣದವರು, ಅದರಲ್ಲೂ ಗಂಡಸರು, ದೊಡ್ಡ ಹಾಲ್‌ನಲ್ಲಿ ಕೆಲವರಾದರೂ ಇರುತ್ತಾರೆ.

ಇನ್ನು ಡೆಮೊ. 1998ರ ಏಪ್ರಿಲ್‌ನಲ್ಲಿ ಕಾಮ್‌ಡೆಕ್ಸ್ ಮೇಳದಲ್ಲಿ ಬಿಲ್ ಗೇಟ್ಸ್ ವಿಂಡೋಸ್ 98 ತೋರಿಸುತ್ತಿದ್ದಾಗ, ಸ್ಕ್ಯಾನರ್ ಜೋಡಿಸಿದ ಕೂಡಲೇ ಎಲ್ಲರ ಕಣ್ಣೆದುರೇ ಕಂಪ್ಯೂಟರ್ ಕೆಟ್ಟು ನಿಂತು ನೀಲಿ ಪರದೆ ಬಂತು. 2010ರಲ್ಲಿ ಐಫೋನ್ 4 ತೋರಿಸುವಾಗ ಸ್ಟೀವ್ ಜಾಬ್ಸ್‌ಗೆ ಇಂಟರ್ನೆಟ್ ಸಿಗಲಿಲ್ಲ, ಹಾಲ್‌ನಲ್ಲಿ 570 ವೈಫೈ ಬೇಸ್ ಸ್ಟೇಶನ್‌ಗಳು ಓಡುತ್ತಿವೆ, ದಯವಿಟ್ಟು ಆಫ್ ಮಾಡಿ ಅಂತ ಸಭಿಕರನ್ನೇ ಕೇಳಬೇಕಾಯಿತು. ಅಷ್ಟು ದುಡ್ಡು, ಅಷ್ಟು ತಾಲೀಮು ಇದ್ದವರಿಗೇ ಹೀಗಾದರೆ ಹಾಲ್‌ನ ವೈಫೈ ನಂಬಿಕೊಂಡು ನಾವು ಹೋಗುವುದು ಯಾವ ಧೈರ್ಯಕ್ಕೆ? ಹಾಗಂತ ಡೆಮೊ ಬೇಡವೇ ಬೇಡ ಅನ್ನುವವನಲ್ಲ ನಾನು. 1968ರ ಡಿಸೆಂಬರ್ 9ರಂದು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಡಗ್ಲಸ್ ಎಂಗೆಲ್‌ಬಾರ್ಟ್ ತೊಂಬತ್ತು ನಿಮಿಷ ಲೈವ್ ಆಗಿ ಮೌಸ್, ಹೈಪರ್‌ಟೆಕ್ಸ್ಟ್, ದೂರದಲ್ಲಿದ್ದವರ ಜೊತೆ ಪರದೆ ಹಂಚಿಕೊಳ್ಳುವುದು, ಎಲ್ಲ ತೋರಿಸಿದ್ದರು. ಕಂಪ್ಯೂಟರ್ ಇದ್ದದ್ದು ಸುಮಾರು 50 ಕಿಲೋಮೀಟರ್ ಆಚೆ. ಅದನ್ನು ಸ್ಲೈಡಿನಲ್ಲಿ ಹೇಳಿದ್ದರೆ ಯಾರು ನಂಬುತ್ತಿದ್ದರು? ಕಣ್ಣಾರೆ ಕಂಡರೆ ಮಾತ್ರ ನಂಬುವ ಸಂಗತಿ ಆಗಿದ್ದರೆ ಡೆಮೊ ಮಾಡಿ, ಆದರೆ ಮೊದಲೇ ರೆಕಾರ್ಡ್ ಮಾಡಿದ ವಿಡಿಯೋ ಒಂದನ್ನು ಲ್ಯಾಪ್‌ಟಾಪಿನೊಳಗೇ ಇಟ್ಟುಕೊಳ್ಳಿ. ‘ಕನ್ನಡ’ದ ಉದ್ದ 5 ಅಂತ ತೋರಿಸಲು ಇಂಟರ್ನೆಟ್ ಬೇಕಿಲ್ಲ, ಇಂಥ ಡೆಮೊ ಒಳ್ಳೆಯದು.

ಬಾಯಿ ಬಿಟ್ಟು ಹೇಳಿ

ಸ್ಲೈಡುಗಳನ್ನು ಮನಸ್ಸಿನಲ್ಲೇ ತಿರುವಿ ಹಾಕುವುದನ್ನು ತಾಲೀಮು ಅಂತ ಕರೆಯಬೇಡಿ. ಮನಸ್ಸಿನಲ್ಲಿ ಎಲ್ಲ ವಾಕ್ಯವೂ ಸಲೀಸು. ಗಡಿಯಾರ ಎದುರಿಗಿಟ್ಟು, ಎದ್ದು ನಿಂತು, ಜೋರಾಗಿ ಹೇಳಿದಾಗ ಮಾತ್ರ ಎಲ್ಲಿ ತಡವರಿಸುತ್ತೀರಿ ಗೊತ್ತಾಗುತ್ತದೆ, ಮತ್ತು ತಡವರಿಸುವ ಜಾಗದಲ್ಲಿ ಬಹಳಷ್ಟು ಸಲ ವಿಷಯವೇ ನಿಮಗೆ ಪೂರ್ತಿ ಸ್ಪಷ್ಟ ಇರುವುದಿಲ್ಲ. ಪೂರ್ತಿ ಬಾಯಿಪಾಠ ಮಾಡುವುದು ನನಗೆ ಇಷ್ಟ ಇಲ್ಲ, ಒಂದು ಸಾಲು ಮರೆತರೆ ಮುಂದಿನದ್ದೆಲ್ಲ ಕುಸಿಯುತ್ತದೆ. ಮೊದಲ ಎರಡು ನಿಮಿಷ ಮತ್ತು ಕೊನೆಯ ಎರಡು ವಾಕ್ಯ ಮಾತ್ರ ಕಂಠಪಾಠ ಇರಲಿ. ಎದೆ ಹೊಡೆದುಕೊಳ್ಳುವುದು ಮೊದಲ ಎರಡು ನಿಮಿಷ ತಾನೆ, ಆಗ ಬಾಯಿ ತಾನಾಗಿ ಓಡುತ್ತದೆ. ನಿಮ್ಮ ವಿಷಯ ಗೊತ್ತಿಲ್ಲದ ಒಬ್ಬ ಗೆಳೆಯನನ್ನೋ ಅಕ್ಕನನ್ನೋ ಕೂರಿಸಿ ಹೇಳಿ. ಚೆನ್ನಾಗಿತ್ತಾ ಅಂತ ಕೇಳಬೇಡಿ, ಚೆನ್ನಾಗಿತ್ತು ಅಂತಲೇ ಹೇಳುತ್ತಾರೆ. ‘ನಾನು ಏನು ಹೇಳಿದೆ, ನೀನೇ ಒಂದು ಸಲ ಹೇಳು’ ಅನ್ನಿ.

ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಒಂದು ಮಾತು. ಟಾಕ್ ಇಂಗ್ಲಿಷಿನಲ್ಲಿ ಕೊಡಬೇಕಾಗಿದ್ದರೂ ಮೊದಲ ತಾಲೀಮು ಕನ್ನಡದಲ್ಲೇ ಮಾಡಿ. ಸರಿಯಾದ ಇಂಗ್ಲಿಷ್ ಪದ ಹುಡುಕುವ ಗಡಿಬಿಡಿ ಇಲ್ಲದಿದ್ದಾಗ ವಿಷಯ ಯಾವ ಸಾಲಿನಲ್ಲಿ ಬರಬೇಕು ಅನ್ನುವುದು ಚೆನ್ನಾಗಿ ಕಾಣುತ್ತದೆ. ಆಮೇಲೆ ಇಂಗ್ಲಿಷಿಗೆ ಬನ್ನಿ, ಸಣ್ಣ ವಾಕ್ಯಗಳಲ್ಲಿ. ಸಣ್ಣ ವಾಕ್ಯಕ್ಕೆ ಯಾರೂ ನಗುವುದಿಲ್ಲ. ಉದ್ದ ವಾಕ್ಯ ನಡುವೆ ಮುರಿದರೆ ಮಾತ್ರ ಕಷ್ಟ. ಉಚ್ಚಾರದ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ, ವೇಗದ ಬಗ್ಗೆ ಕೆಡಿಸಿಕೊಳ್ಳಿ.

ಹೆದರಿಕೆಯ ವಿಷಯಕ್ಕೆ ಬಂದರೆ, ಧೈರ್ಯ ಹೇಳುವುದಕ್ಕಿಂತ ಒಂದು ಸಂಶೋಧನೆ ಹೇಳುವುದು ವಾಸಿ. ಕೆನೆತ್ ಸವಿಟ್ಸ್‌ಕಿ ಮತ್ತು ಥಾಮಸ್ ಗಿಲೊವಿಚ್ ಅನ್ನುವವರು 2003ರಲ್ಲಿ ಪ್ರಕಟಿಸಿದ ಅಧ್ಯಯನ ಅದು. ಭಾಷಣ ಮಾಡುವವರು ತಾವು ನಡುಗುತ್ತಿರುವುದು ಎಲ್ಲರಿಗೂ ಕಾಣುತ್ತಿದೆ ಅಂದುಕೊಳ್ಳುತ್ತಾರೆ, ಕೇಳುವವರಿಗೆ ಅಷ್ಟೇನೂ ಕಂಡಿರುವುದಿಲ್ಲ. ಇದರ ಸ್ವಾರಸ್ಯ ಮುಂದಿದೆ: ಈ ಸಂಗತಿಯನ್ನು ಮೊದಲೇ ಹೇಳಿ ಕಳಿಸಿದವರ ಭಾಷಣ, ಹೇಳದೇ ಕಳಿಸಿದವರದ್ದಕ್ಕಿಂತ ಚೆನ್ನಾಗಿತ್ತು. ಈಗ ನಿಮಗೂ ಹೇಳಿಯಾಯಿತು. ವೇದಿಕೆ ಮೇಲೆ ಹೋಗಿ ‘ಸಾರಿ, ನನಗೆ ತುಂಬಾ ಭಯ ಆಗ್ತಿದೆ’ ಅಂತ ಶುರು ಮಾಡಬೇಡಿ, ಕಾಣದೇ ಇದ್ದದ್ದನ್ನು ನೀವಾಗಿ ತೋರಿಸಿಕೊಟ್ಟ ಹಾಗಾಗುತ್ತದೆ.

ಆ ದಿನ

ಬ್ರೇಕ್ ಸಮಯದಲ್ಲಿ ಹಾಲ್‌ಗೆ ಹೋಗಿ ಲ್ಯಾಪ್‌ಟಾಪ್ ಜೋಡಿಸಿ ನೋಡಿ. ಎಚ್‌ಡಿಎಂಐ ಡಾಂಗಲ್ ನಿಮ್ಮದೇ ತೆಗೆದುಕೊಂಡು ಹೋಗಿ, ಪೆನ್‌ಡ್ರೈವ್‌ನಲ್ಲಿ ಪಿಡಿಎಫ್ ಇರಲಿ, ವಾಟ್ಸಾಪ್ ನೋಟಿಫಿಕೇಶನ್ ಆಫ್ ಇರಲಿ (ಮನೆಯವರ ಮೆಸೇಜ್ ಪರದೆ ಮೇಲೆ ಬಂದರೆ ಹಾಲ್ ನಗುತ್ತದೆ, ಆದರೆ ನಿಮ್ಮ ಟಾಕ್‌ಗಲ್ಲ). ಕಾಲರ್ ಮೈಕ್ ಹಾಕುತ್ತಾರೆ ಅಂತ ಗೊತ್ತಿದ್ದರೆ ಅದಕ್ಕೆ ಹೊಂದುವ ಬಟ್ಟೆ ಹಾಕಿ, ಆ ಮೈಕಿನ ಡಬ್ಬಿ ಸಿಕ್ಕಿಸಲು ಜೇಬೋ ಬೆಲ್ಟೋ ಬೇಕು. ಪರದೆ ಕಡೆ ತಿರುಗಿ ಮಾತಾಡಿದರೆ ಪೋಡಿಯಂ ಮೈಕಿಗೆ ನಿಮ್ಮ ದನಿ ಸಿಗುವುದಿಲ್ಲ. ಪ್ರಶ್ನೆ ಕೇಳಿ ಕಾಯುವುದಾದರೆ ನಿಜವಾಗಿ ಕಾಯಿರಿ. ‘ಎಷ್ಟು ಅಕ್ಷರ?’ ಅಂತ ಕೇಳಿದ ಮೇಲೆ ಬರುವ ಮೂರು ಸೆಕೆಂಡಿನ ಮೌನ ವೇದಿಕೆ ಮೇಲಿದ್ದವರಿಗೆ ಅರ್ಧ ಗಂಟೆ ಅನ್ನಿಸುತ್ತದೆ, ಕೆಳಗಿದ್ದವರಿಗೆ ಅದು ಯೋಚಿಸುವ ಸಮಯ.

ಪ್ರಶ್ನೋತ್ತರದಲ್ಲಿ ಪ್ರಶ್ನೆಯನ್ನು ಮೈಕಿನಲ್ಲಿ ಮತ್ತೆ ಹೇಳಿ ಉತ್ತರ ಕೊಡಿ. ಹಿಂದಿನ ಸಾಲಿನವರಿಗೆ ಕೇಳಿಸಿರುವುದಿಲ್ಲ, ರೆಕಾರ್ಡಿಂಗ್‌ನಲ್ಲಂತೂ ಬರುವುದೇ ಇಲ್ಲ. ಜೊತೆಗೆ ಯೋಚಿಸಲು ನಿಮಗೆ ಹತ್ತು ಸೆಕೆಂಡು ಸಿಗುತ್ತದೆ. ಪ್ರಶ್ನೆ ಅಂತ ಎದ್ದು ತಮ್ಮದೇ ಭಾಷಣ ಶುರು ಮಾಡುವ ಹಿರಿಯರು ಪ್ರತಿ ಕಾನ್ಫರೆನ್ಸ್‌ನಲ್ಲೂ ಒಬ್ಬರಿರುತ್ತಾರೆ. ‘ಸರ್, ಒಳ್ಳೆ ವಿಷಯ ಎತ್ತಿದ್ದೀರಿ, ಟೀ ಬ್ರೇಕ್‌ನಲ್ಲಿ ಕೂತು ಮಾತಾಡೋಣ’ ಅಂದರೆ ಅವರಿಗೂ ಮರ್ಯಾದೆ, ಉಳಿದವರಿಗೂ ಬಿಡುಗಡೆ. ಗೊತ್ತಿಲ್ಲದ ಪ್ರಶ್ನೆ ಬಂದರೆ ಗೊತ್ತಿಲ್ಲ ಅನ್ನಿ, ಹೇಗೆ ಪತ್ತೆ ಮಾಡಬಹುದು ಅಂತ ಹೊಳೆದರೆ ಅದನ್ನೂ ಸೇರಿಸಿ.

ಸ್ಲೈಡುಗಳ ಲಿಂಕನ್ನು ಕೊನೆಗೆ ಇಡುವ ಬದಲು ಶುರುವಿನಲ್ಲೇ ತೋರಿಸಿದರೆ ಜನ ಪ್ರತಿ ಸ್ಲೈಡಿಗೂ ಫೋಟೋ ತೆಗೆಯುತ್ತ ಕೂರುವುದಿಲ್ಲ. ಅಲ್ಲಿ ಹಾಕುವ ಪ್ರತಿಯಲ್ಲಿ ನಿಮ್ಮ ನೋಟ್ಸ್ ಕೂಡ ಸೇರಿಸಿ, ಯಾಕೆಂದರೆ ಅದನ್ನು ತೆರೆಯುವವರು ಓದುಗರು, ಅವರಿಗೆ ಹಿಂದೆ ಮುಂದೆ ಹೋಗುವ ಸೌಕರ್ಯ ಇದೆ, ನೀವು ಟಾಕ್‌ನಲ್ಲಿ ಬಿಟ್ಟ ‘ರ್‍ಯಾಂಕ್’ ಕಥೆಗೂ ಅಲ್ಲಿ ಜಾಗ ಇದೆ. ಕನ್ನಡ ಅಕ್ಷರ ಇರುವ ಸ್ಲೈಡಾದರೆ ಪಿಡಿಎಫ್‌ನೊಳಗೆ ಫಾಂಟ್ ಸೇರಿದೆಯಾ ಅಂತ ಬೇರೆಯವರ ಫೋನಿನಲ್ಲಿ ಒಮ್ಮೆ ತೆರೆದು ನೋಡಿ.